ಮೂಟೆಯ ಹೊಟ್ಟೆ

ನಮ್ಮ ದೊಡ್ಡಪ್ಪ ಮಾದಪ್ಪನವರ ಜುಬ್ಬದ ಜೇಬಿನಿಂದ ಸದಾ ಇಣುಕುತ್ತಿದ್ದುದು ಪೆನ್ನಲ್ಲ, ಗೇಣುದ್ದದ ಒಂದು ಕಬ್ಬಿಣ. ತುದಿ ಚೂಪು, ಒಳಗೆ ಕೊಳವೆಯಂತೆ ಟೊಳ್ಳು. ಮೂಟೆಗೆ ಚುಚ್ಚಿ ಎಳೆದರೆ ಒಳಗಿನ ಕಾಳು ಅಂಗೈಗೆ ಉದುರುತ್ತಿತ್ತು. ಹುಣಸೂರಿನಲ್ಲಿ ರಾಗಿ, ಹುರುಳಿ ಮಂಡಿ ಇಟ್ಟಿದ್ದ ಕಾಲದ್ದು. ಮಂಡಿ ಮುಚ್ಚಿ ಊರಿಗೆ ಬಂದು ಹೊಗೆಸೊಪ್ಪು ಬೆಳೆಯತೊಡಗಿದರೂ ಆ ಕಬ್ಬಿಣ ಜೇಬು ಬಿಡಲಿಲ್ಲ.

"ಮೂಟೆ ಬಾಯಿ ಸುಳ್ಳಾಡ್ತದೆ ಕಣವ್ವ, ಒಟ್ಟೆ ಆಡಾಕಿಲ್ಲ" ಎನ್ನುತ್ತಿದ್ದರು.

ಬೆಲ್ಲ, ಹಿಂಡಿ, ಸಿಮೆಂಟು, ಯಾವುದನ್ನೂ ಅವರು ಚುಚ್ಚದೆ ಬಿಟ್ಟದ್ದಿಲ್ಲ. ಕೆ.ಆರ್. ನಗರದ ಛತ್ರದಲ್ಲಿ ನನ್ನ ಅಕ್ಕನ ಮದುವೆ. ಬೀಗರು ತರಿಸಿದ್ದ ಅಕ್ಕಿ ಮೂಟೆಗಳ ನಡುವೆ ದೊಡ್ಡಪ್ಪ ಕುಕ್ಕರುಗಾಲಲ್ಲಿ ಕೂತು ಚುಚ್ಚುತ್ತಿದ್ದರು. ನಮಗೆಲ್ಲ ಮುಖ ಎತ್ತಲಾಗಲಿಲ್ಲ.

"ಮಾದಪ್ಪೋರೇ, ಗಂಡ್ಗೂ ಒಂದ್ಸಲ ಚುಚ್ಚಿ ನೋಡ್ಬುಡಿ!" ಎಂದರು ಬೀಗರು.

"ಅದ್ಕೆ ಈ ಕಬ್ಣ ಸಾಲ್ದು ಬುಡಿ" ಎಂದು ದೊಡ್ಡಪ್ಪ ಮುಂದಿನ ಮೂಟೆಗೆ ಸರಿದರು.

ಡಿಗ್ರಿ ಮುಗಿಸಿ ನಾನು ಮೈಸೂರಿನಲ್ಲಿ ಕಸ ಸಾಗಿಸುವ ಗುತ್ತಿಗೆ ಕಂಪನಿಯೊಂದನ್ನು ಸೇರಿದೆ. ಊರು ಬಳಸಿ ಬಿಸಾಡಿದ್ದು ಯಾವ ಕೆರೆಗೂ ಯಾರ ಬಾವಿಗೂ ಸೇರಬಾರದು, ಅದು ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತೆಂಬ ಜಾಡು ತಪ್ಪಬಾರದು ಎಂಬುದು ಅಲ್ಲಿನ ನಿಯಮ. ಪ್ರತಿ ಲಾರಿಯೂ ನನ್ನ ಪರದೆಯ ಮೇಲೊಂದು ಚುಕ್ಕೆ. ದಾರಿಯಲ್ಲಿದ್ದರೆ ಕೆಂಪು, ಸರಕು ಇಳಿದರೆ ಹಸಿರು. ಹಬ್ಬಕ್ಕೆ ಬಂದಾಗ ಫೋನಿನಲ್ಲಿ ದೊಡ್ಡಪ್ಪನಿಗೆ ತೋರಿಸಿದ್ದೆ. ಕನ್ನಡಕ ಸರಿಸಿಕೊಂಡು ಬಹಳ ಹೊತ್ತು ನೋಡಿದರು.

"ಲಾರಿ ಎಲ್ಲೋಯ್ತು ಅಂತ ಗೊತ್ತಾಯ್ತು. ಒಳ್ಗೇನದೆ?"

"ಗೊಬ್ಬರ ದೊಡ್ಡಪ್ಪ. ಏನಿದೆ ಅಂತ ಡ್ರೈವರ್ ಇದ್ರಲ್ಲೇ ತುಂಬಿರ್ತಾನೆ, ನೋಡಿ."

"ಅವ್ನು ತುಂಬಿದ್ದು ಮೂಟೆ ಬಾಯಿ ಕಣವ್ವ."

ನಾನು ನಕ್ಕೆ. ಅನುಮಾನ ಅವರ ಹುಟ್ಟುಗುಣ ಅಂದುಕೊಂಡೆ.

ಕಳೆದ ಬೇಸಿಗೆಯ ಒಂದು ಭಾನುವಾರ ಊರಿನಲ್ಲಿದ್ದೆ. ರೈತರಿಗೆ ನಗರದ ಗೊಬ್ಬರ ಪುಕ್ಕಟೆ ಎಂದು ನಮ್ಮ ಕಂಪನಿಯದೇ ಲಾರಿಯೊಂದು ಬಂತು. ಮೂಟೆಗಳ ಬಾಯಿಗೆ ಹಸಿರು ದಾರದ ಹೊಲಿಗೆ. ದೊಡ್ಡಪ್ಪನ ಅಂಗಳದಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಗೆ ಒತ್ತಿ, ಒಂದು ಸಾಲು ಇಳಿಸಿದರು. ಲಾರಿ ಇನ್ನೂ ಭರ್ತಿಯಾಗಿಯೇ ಇತ್ತು.

ಕಬ್ಬಿಣ ಹೊರಬಂತು. "ಯಜಮಾನ್ರೇ, ಬಿಟ್ಟಿ ಗೊಬ್ರಕ್ಕೂ ಪರೀಕ್ಷೆನಾ?" ಎಂದ ಡ್ರೈವರ್.

"ಬಿಟ್ಟೀದ್ಕೇ ಮೊದ್ಲು ಕಣಪ್ಪ."

ಮೊದಲ ಮೂಟೆಯಿಂದ ಕಪ್ಪು ಪುಡಿ ಬಂತು. ಮೂಸಿ ತಲೆಯಾಡಿಸಿದರು. ಎರಡನೆಯದರಲ್ಲಿ ಕಬ್ಬಿಣ ಅರ್ಧಕ್ಕೆ ಇಳಿದು ಏನಕ್ಕೋ ತಗುಲಿ ನಿಂತಿತು. ಮೈಭಾರ ಬಿಟ್ಟು ಒತ್ತಿದರು. ಒಳಗಿನಿಂದ ಸುಯ್ಯೆಂದು ಸದ್ದು. ಬಿಳಿ ಹೊಗೆ, ಸಿಹಿಯಾದೊಂದು ವಾಸನೆ. ನಾನು ಜಗಲಿಯಿಂದ ಇಳಿಯುವಷ್ಟರಲ್ಲಿ ಮೂಟೆ ಸೀಳಿ ಬೆಂಕಿ ಅವರ ಕೈ ಹಿಡಿದಿತ್ತು. ಜುಬ್ಬ ಹಿಡಿದು ಎಳೆದೆ. ಮೇಲೆ ನಾಲ್ಕು ಬೆರಳು ಗೊಬ್ಬರ, ಕೆಳಗೆಲ್ಲ ಹಳೆಯ ಬ್ಯಾಟರಿಗಳು, ಫೋನಿನವು, ಸ್ಕೂಟರಿನವು. ಪಟಪಟನೆ ಸಿಡಿಯುತ್ತ ಪಕ್ಕದ ಮೂಟೆಗೆ, ಸೌದೆಗೆ, ಬ್ಯಾರನ್ನಿನ ಮಾಡಿಗೆ ಬೆಂಕಿ ಹತ್ತಿತು. ನೀರು ಸುರಿದರೂ ಆರಿದಂತೆ ಆಗಿ ಮತ್ತೆ ಏಳುತ್ತಿತ್ತು.

ಕಣ್ಣು ಮುಚ್ಚಿದರೆ ಈಗಲೂ ಬರುವುದು ಆ ಬೆಂಕಿಯಲ್ಲ. ಹೊಗೆಯ ಆಚೆ, ಹಿಂಬಾಗಿಲು ತೆರೆದಂತೆಯೇ ತಿರುವು ದಾಟಿ ಹೋದ ಲಾರಿ, ಅದರ ತುಂಬ ಹಸಿರು ಹೊಲಿಗೆಯ ಬಾಯಿಗಳು.

ಮಾರನೆಯ ದಿನ ಪರದೆಯಲ್ಲಿ ಆ ಚುಕ್ಕೆ ಹಸಿರಾಗಿತ್ತು. ಲಾರಿಯ ಸರಕೆಲ್ಲ ನಮ್ಮೂರಿನಲ್ಲೇ ಇಳಿದಿದೆ ಎಂದಿತ್ತು. ಸೂಪರ್‌ವೈಸರನ್ನು ಕೇಳಿದೆ.

"ಎಲ್ಲಾ ನಿಮ್ ದೊಡ್ಡಪ್ಪನ ಅಂಗಳದಲ್ಲೇ ಸುಟ್ಟೋಯ್ತಲ್ಲಮ್ಮ. ಅವ್ರು ಬೀಡಿ ಸೇದ್ತಿದ್ರಂತೆ?"

ಎಷ್ಟು ವರ್ಷ ಹೊಗೆಸೊಪ್ಪು ಬೆಳೆದರೂ ದೊಡ್ಡಪ್ಪ ಬೀಡಿ ಮುಟ್ಟಿದವರಲ್ಲ. ಕಂಡದ್ದನ್ನು ಪೊಲೀಸರಿಗೂ ಹೇಳಿದೆ. ಬರೆದುಕೊಂಡರು. ಡ್ರೈವರ್ ಸಿಗಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ದೊಡ್ಡಪ್ಪನನ್ನು ಕೊನೆಯ ಸಲ ನೋಡಿದೆ. ಬಲಗೈ ಮೊಣಕೈವರೆಗೆ ಬ್ಯಾಂಡೇಜು. ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು. ಕೈಯ ಸುದ್ದಿಯನ್ನೇ ಎತ್ತಲಿಲ್ಲ.

"ಉಳಿದ ಮೂಟೆ ಎಲ್ ಇಳ್ಸುದ್ರು?"

"ಗೊತ್ತಿಲ್ಲ ದೊಡ್ಡಪ್ಪ."

"ನಿನ್ ಚುಕ್ಕೆ ಏನಂತದೆ?"

"ಹಸಿರು."

ನಗಲು ಹೋಗಿ ಕೆಮ್ಮಿದರು. "ಬ್ಯಾರನ್ ಉರ್ಯೋ ಕಾಲ ಬತ್ತಾ ಅದೆ. ಯಾವನೋ ಒಲೆ ಪಕ್ಕದಲ್ಲೇ ಒಟ್ಟಿರ್ತಾನೆ. ಆ ಮೂಟೆ ಉಡುಕವ್ವ. ನನ್ನಂಗೆ ಚುಚ್ಬ್ಯಾಡ. ಅಂಗೈ ಮಡಗಿ ನೋಡು. ಬಿಸಿ ಇದ್ರೆ ಎಲ್ರುನೂ ದೂರ ಕಳ್ಸು."

ಹೊಗೆ ಕುಡಿದ ಎದೆ ಮುಂಗಾರಿನವರೆಗೂ ಉಳಿಯಲಿಲ್ಲ.

ಈಗ ರಜೆ ಸಿಕ್ಕಾಗಲೆಲ್ಲ ಊರೂರು ತಿರುಗುತ್ತೇನೆ. ಮೊನ್ನೆ ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಹೆಂಗಸರು ಬ್ಯಾರನ್ನಿನ ಮುಂದೆ ಕೂತು ಎಲೆ ಕಟ್ಟುತ್ತಿದ್ದರು. ಒಬ್ಬಾಕೆ ಕೂತಿದ್ದುದು ಮೂಟೆಯ ಮೇಲೆ. ಸೀರೆಯ ಅಂಚಿನ ಕೆಳಗೆ ಹಸಿರು ದಾರ ಕಂಡಿತು.

"ಅಕ್ಕ, ಸ್ವಲ್ಪ ಏಳಿ."

"ಯಾಕವ್ವ, ಮೂಟೇಲಿ ನಿಧಿ ಮಡಗಿದ್ಯಾ?" ಎಲ್ಲರೂ ನಕ್ಕರು. ಆಕೆ ಎದ್ದಳು. ನಾನು ಅಂಗೈ ಇಟ್ಟೆ.

ಬೆಚ್ಚಗಿತ್ತು. ಮಧ್ಯಾಹ್ನದ ಬಿಸಿಲಿಗೋ, ಆಕೆ ಕೂತಿದ್ದಕ್ಕೋ, ತಿಳಿಯಲಿಲ್ಲ. ನಾಲ್ಕು ಮಾರು ಆಚೆ ಒಬ್ಬ ಒಲೆಯ ಬಾಯಿಗೆ ಸೌದೆ ತುರುಕುತ್ತಿದ್ದ.

"ಎಲ್ಲ ಆ ಕಡೆ ಹೋಗಿ" ಎಂದೆ.

ಯಾರೂ ಕದಲಲಿಲ್ಲ.