ಚಿಗವ್ವನ ಮೂರು ಮನಿ

ಬನಹಟ್ಟಿಯ ನಮ್ಮ ಚಿಗವ್ವನ ಹೆಸರು ಸರ್ಕಾರಿ ಮನೆಯ ಪಟ್ಟಿಯಿಂದ ಬಿದ್ದುಹೋದದ್ದು ಒಂದು ಶಬ್ದದಿಂದ. ಸರ್ವೆಯವನು ಮೊಬೈಲು ಹಿಡಿದು ಬಂದು, "ನಿಮಗ ಮನಿ ಎಷ್ಟ್ ಅದಾವ್ರಿ?" ಎಂದು ಕೇಳಿದ. ಚಿಗವ್ವ, "ಮೂರ್ ಅದಾವ್ರಿ. ಅಡಗಿಮನಿ, ದೇವರಮನಿ, ಮಗ್ಗದ ಮನಿ" ಎಂದಳು. ನಮ್ಮ ಕಡೆ ಖೋಲಿಗೂ, ಅಂದರೆ ಕೋಣೆಗೂ, ಮನಿ ಎಂದೇ ಅನ್ನುತ್ತೇವೆ. ಅವನು ಮೂರು ಎಂದು ಒತ್ತಿಕೊಂಡು ಹೋದ. ಮಣ್ಣಿನ ಮಾಳಿಗೆ ಸೋರಿ ಮಗ್ಗದ ಮೇಲಿನ ನೂಲು ತೊಯ್ಯುತ್ತಿದ್ದ ಮನೆಯವಳು ಮೂರು ಮನೆಗಳ ಒಡತಿಯಾದಳು.

ಜಮಖಂಡಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದವಳು ನಾನು, ಬಿಡುತ್ತೇನೆಯೇ? ಕಚೇರಿಗೆ ಹೋಗಿ ಗುಮಾಸ್ತರ ಮುಂದೆ ಕೂತೆ.

"ದೇವರಮನಿ ಅಂದ್ರ ಗೋಡ್ಯಾಗಿನ ಗೂಡು, ಸರ. ಅದನ್ನೂ ಮನಿ ಅಂತೀರೇನ್ರಿ?"

"ನಾ ಅಂದಿಲ್ಲ ಅಕ್ಕಾರ, ನಿಮ್ಮ ಚಿಗವ್ವಾರ ಅಂದಾರ."

ಅವರು ಕೆಟ್ಟವರಲ್ಲ. ಹಳೆಯ ಫಾರ್ಮುಗಳನ್ನೆಲ್ಲ ತೆಗೆದು ತೋರಿಸಿದರು. ಮೊದಲಿನ ಯೋಜನೆಯಲ್ಲಿ ನೇಕಾರರಿಗೆ ಮನೆ ಸಿಗಬೇಕಾದರೆ ಮಗ್ಗಕ್ಕೆ ಬೇರೆ ಜಾಗ ತೋರಿಸಬೇಕಿತ್ತು. ಅದರ ನಂತರದ್ದರಲ್ಲಿ ಮಗ್ಗದ ಮಾತೇ ಇಲ್ಲ, ಖೋಲಿ ಎಷ್ಟು ಎಂದಷ್ಟೇ ಇತ್ತು. ಈಗಿನದರಲ್ಲಿ ಮಗ್ಗದ ಜಾಗ ಬೇರೆ ಇದ್ದರೆ ಅದು ಎರಡನೆಯ ಕಟ್ಟಡ ಎಂದು ಲೆಕ್ಕ, ಮನೆ ಸಿಗುವುದಿಲ್ಲ. ಇಲ್ಲದಿದ್ದರೆ ನೇಕಾರರಿಗೆಂದು ಮೀಸಲಿಟ್ಟ ಪಾಲಿನಲ್ಲಿ ಹೆಸರು ಬರುವುದಿಲ್ಲ. ಹಾಗಾದರೆ ನಮ್ಮದು ಯಾವ ಪಕ್ಷ? ಮಗ್ಗದ ಜಾಗ ಬೇರೆ ಇದೆ ಅನ್ನಬೇಕೋ, ಇಲ್ಲ ಅನ್ನಬೇಕೋ ಎಂದು ಕೇಳಿದೆ.

"ಅದನ್ನ ನಂಗೂ ಯಾರೂ ಹೇಳಿಲ್ರಿ," ಎಂದರು. "ಮರುಸರ್ವೆಗೆ ಬರೀತೀನಿ. ಈ ಸಲ ವಿಚಾರ ಮಾಡಿ ಹೇಳ್ರಿ."

ಒಂದು ವಾರ ಚಿಗವ್ವನಿಗೆ ಉತ್ತರ ಕಲಿಸಿದೆ. ಬೆಳಿಗ್ಗೆ ಮಗ್ಗದ ಮನಿ ಐತಿ ಅನ್ನು ಎಂದವಳು, ಸಂಜೆಗೆ ಬ್ಯಾಡ ಎನ್ನುತ್ತಿದ್ದೆ.

"ನಿನಗ ಗೊತ್ತಿಲ್ಲದ್ದು ನನಗೇನ್ ಕಲಸ್ತಿ ಬೇ," ಎಂದು ಅವಳು ಮಗ್ಗದಿಂದ ಏಳದೆಯೇ ನಕ್ಕಳು.

ಅದೇ ಸರ್ವೆಯವನು ಮತ್ತೆ ಬಂದ. ನಾನು ಕಲಿಸಿದ ಯಾವುದನ್ನೂ ಚಿಗವ್ವ ಹೇಳಲಿಲ್ಲ. "ಒಂದ ಮನಿ ಐತ್ರಿ. ಮಗ್ಗಾನೂ ಅದರಾಗ, ನಾವೂ ಅದರಾಗ. ಮಗ್ಗದ ಮಗ್ಗಲಕ್ಕ ಮಲಗತೀವಿ."

ಅವನು ಮೊಬೈಲನ್ನು ನನ್ನತ್ತ ತಿರುಗಿಸಿದ. ವಾಸಕ್ಕೆ, ದುಡಿಮೆಗೆ, ಎರಡೇ ಚೌಕ. "ಎರಡೂ ಒತ್ತಾಕ ಬರೂದಿಲ್ರಿ. ಯಾವುದು?" ಎರಡರ ಪರವಾಗಿಯೂ ನನ್ನ ಬಳಿ ವಾದವಿತ್ತು.

"ವಾಸಕ್ಕ ಅಂತ ಒತ್ರಿ," ಎಂದಳು ಚಿಗವ್ವ. "ಸೋರೂದು ನಮ್ಮ ಮ್ಯಾಲೂ ಸೋರತೈತಿ."

ಒತ್ತಿದ. ಹೊಸ ಪಟ್ಟಿ ಇನ್ನೂ ಬಂದಿಲ್ಲ. ಅವಳು ಹೇಳಿದ್ದು ಖರೆ. ಖರೆ ಹೇಳಿದ್ದು ಸರಿಯಾಯಿತೋ ಇಲ್ಲವೋ ನನಗಿನ್ನೂ ತಿಳಿದಿಲ್ಲ.