ಮಿಸ್ ಡೋರ್ಲಾ ಬದಲಿಸಿದ ತೋಟಾ

"ಅಮ್ಮಾ, ಮಿಸ್ ಡೋರ್ಲಾ ಗುಂಡು ಹಾರೋಕ್ ಮುಂಚೇನೇ ಯಾಕೆ ಕಣ್ ಮುಚ್ಕೊಳ್ತಾರೆ?"

ಭಾನುವಾರ ಚರ್ಚು ಮುಗಿಸಿ, ಡೋರ್ಲಾ ತಮ್ಮ ಹುಲ್ಲುಗಾವಲಿನ ಅಂಚಿನಲ್ಲಿ ಗುರಿಹಲಗೆ ನಿಲ್ಲಿಸಿ ಹೊಡೆಯುತ್ತಿದ್ದಾಗ ನನ್ನ ಆರು ವರ್ಷದ ಜೂನಿ ಇದನ್ನು ಕೇಳಿದಳು. ಕಿವಿಗೆ ದಪ್ಪ ಮುಚ್ಚಳ ಹಾಕಿದ್ದರಿಂದ ಕೂಗಿಯೇ ಕೇಳಿದ್ದು. ನಾನು ಅವಳನ್ನು ಇನ್ನಷ್ಟು ಹಿಂದಕ್ಕೆ, ಪಿಕಪ್ಪಿನೊಳಗೆ ಕೂರಿಸಿ ಬಂದೆ. ಅವಳಿಗೆ ಕಂಡದ್ದು ನನಗೆ ಇಷ್ಟು ದಿನ ಯಾಕೆ ಕಾಣಲಿಲ್ಲ ಎನ್ನುವ ಯೋಚನೆಯೇ ತಲೆ ತುಂಬಿತ್ತು.

ಡೋರ್ಲಾ ಕುಬೇನಾ ಅವರಿಗೆ ಅರವತ್ತೇಳು, ಮದುವೆಯಾಗಿದ್ದರೂ ಊರಿಗೆಲ್ಲ ಅವರು ಮಿಸ್ ಡೋರ್ಲಾ. ನಮ್ಮ ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಬಡಿಸಿದವರು. ಬಟಾಣಿ ಬಿಟ್ಟರೆ ಸೌಟಿನಿಂದ ಮೇಜು ಕುಟ್ಟಿ ತಿನ್ನಿಸುತ್ತಿದ್ದರು. ಗಂಡ ಅಲ್ಫಾನ್ಸ್ ತೀರಿಕೊಂಡ ಮೇಲೆ ಅವರ ರೈಫಲ್ಲೇ ಇವರ ಕೈಗೆ ಬಂತು. ವರ್ಷಕ್ಕೆರಡು ಜಿಂಕೆ, ಹುಲ್ಲುಗಾವಲು ಅಗೆಯಲು ಬರುವ ಕಾಡುಹಂದಿಗಳು ಎಷ್ಟು ಸಿಕ್ಕರೆ ಅಷ್ಟು. ಆ ಮಾಂಸದ ಸಾಸೇಜು ಊರಲ್ಲಿ ಮಗು ಹುಟ್ಟಿದ ಮನೆಗೆಲ್ಲ ಹೋಗುತ್ತದೆ. ಜೂನಿ ಹುಟ್ಟಿದಾಗ ಸುತ್ತು ಸುತ್ತಾಗಿ ಹಗ್ಗದಂತೆ ಹೆಗಲಿಗೆ ಹಾಕಿಕೊಂಡು ಬಂದು, "ನೀನು ತಿನ್ನು, ಹಾಲು ತಾನಾಗೇ ಬರುತ್ತೆ" ಎಂದಿದ್ದರು.

ಹಿಂದಿನ ದಿನ, ಜಿಂಕೆ ಬೇಟೆ ಶುರುವಾದ ಶನಿವಾರ ಬೆಳಿಗ್ಗೆ, ಅವರು ಅಟ್ಟಣೆಯಿಂದ ಹೊಡೆದ ಹೆಣ್ಣುಜಿಂಕೆ ಓಡಿಹೋಗಿತ್ತು. ಹುಡುಕಲು ನನ್ನನ್ನು ಕರೆದರು. ನಾಲ್ಕು ಗಂಟೆ ರಕ್ತದ ಹನಿ ಹಿಡಿದು ನಡೆದೆವು. ತೊರೆಯ ಪಕ್ಕದ ಪೊದೆಯಲ್ಲಿ ಅದು ಮಲಗಿತ್ತು. ಗುಂಡು ಹೊಟ್ಟೆಗೆ ಬಿದ್ದಿತ್ತು, ಜೀವ ಹೋಗಿರಲಿಲ್ಲ. ತಲೆಯೆತ್ತಿ ನಮ್ಮನ್ನೇ ನೋಡಿತು. ಅವರು ಪಕ್ಕಕ್ಕೆ ಸರಿದರು. ಮುಗಿಸಿದ್ದು ನಾನು.

"ರೈಫಲ್ ಮೇಲಿನ ದುರ್ಬೀನು ಜರುಗಿರ್ಬೇಕು ಕಣೇ," ಎಂದರು ಡೋರ್ಲಾ. ಅದನ್ನು ಪರೀಕ್ಷಿಸಲೆಂದೇ ಈ ಭಾನುವಾರದ ಗುರಿಹಲಗೆ.

ಅಪ್ಪ ನನಗೆ ಕಲಿಸುವಾಗ ಬಳಸುತ್ತಿದ್ದ ಉಪಾಯ ನೆನಪಾಯಿತು. "ನೀವು ಗುರಿ ಕಡೆ ಗಮನ ಇಡಿ, ನಾನು ತುಂಬಿ ಕೊಡ್ತೀನಿ," ಎಂದೆ. ಎರಡು ಸಲ ನಿಜವಾದ ತೋಟಾ ಹಾಕಿಕೊಟ್ಟೆ. ಮೂರನೆಯದು ಆಗಲೇ ಸಿಡಿದ ಖಾಲಿ ತೋಟಾ.

ಟಿಕ್ ಎಂದಿತು. ಸದ್ದಿಲ್ಲ, ಹೊಗೆಯಿಲ್ಲ. ಆದರೆ ನಳಿಗೆ ಮಾತ್ರ ಗಕ್ಕನೆ ಗೇಣುದ್ದ ಕೆಳಗೆ ಬಾಗಿತು. ತಪ್ಪು ದುರ್ಬೀನಿನದಲ್ಲ, ರೈಫಲ್ ಭುಜಕ್ಕೆ ಒದೆಯುವ ಮೊದಲೇ ಅವರ ಮೈಯೆಲ್ಲ ಹೆದರಿ ಮುದುಡುತ್ತಿತ್ತು.

ಅವರು ರೈಫಲ್ ತೆರೆದು ಆ ಖಾಲಿ ತೋಟಾವನ್ನು ಕೈಗೆ ತೆಗೆದುಕೊಂಡು ನೋಡಿದರು.

"ನನಗೇ ಮೋಸ ಮಾಡ್ದೆಯಲ್ಲೇ ಹುಡ್ಗಿ. ನಿನ್ನ ಬಾಯಿಗೆ ಬಟಾಣಿ ತುರುಕಿದ್ದಕ್ಕಾ?"

"ಭುಜ ತೋರ್ಸಿ ಮಿಸ್ ಡೋರ್ಲಾ."

ಅಂಗಿಯ ಕೊರಳು ಸರಿಸಿದರು. ಬಲಭುಜ ಕೊಳೆತ ಹಣ್ಣಿನಂತೆ ನೇರಳೆಗಟ್ಟಿತ್ತು, ಅಂಚಿನಲ್ಲಿ ಹಳೆಯ ಪೆಟ್ಟಿನ ಹಳದಿ.

"ತ್ರೀ-ಹಂಡ್ರೆಡ್ ಮ್ಯಾಗ್ನಂ! ಇದು ಆನೆ ಕೆಡವೋ ತೋಟಾ," ಎಂದೆ.

"ಗಂಡುಹಂದಿ ಭುಜದ ಮೇಲೆ ಗುರಾಣಿ ಥರ ಗಟ್ಟಿ ತೊಗಲಿರುತ್ತೆ, ಚಿಕ್ಕ ಗುಂಡು ನಾಟಲ್ಲ ಅಂತಿದ್ದ ಅಲ್ಫಾನ್ಸ್."

"ಅವರು ಇನ್ನೂರೈವತ್ತು ಪೌಂಡ್ ಇದ್ರು. ನೀವು?"

"ಹೆಂಗಸರ ತೂಕ ಕೇಳ್ಬಾರ್ದು," ಎಂದರು. ನಗಲಿಲ್ಲ.

ಮಂಗಳವಾರ, ಜೂನಿಯನ್ನು ಶಾಲೆಗೆ ಬಿಟ್ಟು, ಇಬ್ಬರೂ ದನದ ಮೇವಿನ ಅಂಗಡಿಗೆ ಹೋದೆವು. ತೋಟಾ ಮಾರುವ ಕೌಂಟರಿನ ಹಿಂದೆ ಅಂಗಡಿಯವ ವಿಲ್ಬರ್ಟ್ ನಿಂತಿದ್ದ. ಒದೆ ಕಡಿಮೆಯಿರುವುದು ಬೇಕೆಂದಾಗ ಟೂ-ಫಾರ್ಟಿ-ತ್ರೀ ಎಂಬ ಸಣ್ಣ ತೋಟಾದ ಪೆಟ್ಟಿಗೆ ಮುಂದಿಟ್ಟು ಕಣ್ಣು ಮಿಟುಕಿಸಿದ.

"ನಮ್ಮ ಮೊಮ್ಮಗಳೂ ಇದನ್ನೇ ಹೊಡಿಯೋದು. ಹಾಲುಹಲ್ಲು ಇನ್ನೂ ಬಿದ್ದಿಲ್ಲ ಅವ್ಳಿಗೆ."

"ನಿನ್ನ ಹಲ್ಲು ಎಷ್ಟು ಉಳಿದಿವೆ ವಿಲ್ಬರ್ಟ್? ಹೊರಗೆ ಬಾ, ಎಣಿಸಿ ಬಿಡೋಣ." ಮಾತು ಚುರುಕಾಗಿತ್ತು, ಆದರೆ ಅವರ ಕಿವಿ ಕೆಂಪಾಗಿದ್ದು ನನಗೆ ಕಂಡಿತು. ಹತ್ತಿರದಲ್ಲಿದ್ದ ಇಬ್ಬರು ಗಂಡಸರು ಮೇವಿನ ಚೀಲ ನೋಡುವಂತೆ ನಟಿಸುತ್ತ ನಗುತ್ತಿದ್ದರು.

ನಾನು ಡೋರ್ಲಾ ಅವರಿಗೆ ನನ್ನ ಲೆಕ್ಕ ಹೇಳಿದೆ. ಟೂ-ಫಾರ್ಟಿ-ತ್ರೀ ಜಿಂಕೆಗೆ ಸಾಕು. ಆದರೆ ಹಂದಿಯಾದರೆ ಕಿವಿಯ ಹಿಂದೆ, ಅಂಗೈಯಗಲ ಜಾಗಕ್ಕೇ ಬೀಳಬೇಕು, ಅದು ನಿಂತು ಕೊಡುವುದಿಲ್ಲ. ನಾನು ಬಳಸುವ ಸೆವೆನ್-ಓ-ಏಟ್ ತೋಟಾ ಎರಡಕ್ಕೂ ಆಗುತ್ತದೆ, ಒದೆ ಮ್ಯಾಗ್ನಂನ ಅರ್ಧದಷ್ಟೇ. "ಬೇಟೆಯ ಕಾಲ ಮುಗಿಯೋವರೆಗೂ ನನ್ನ ರೈಫಲ್ ನಿಮ್ಮಲ್ಲೇ ಇರಲಿ," ಎಂದೆ.

"ಸೆವೆನ್-ಓ-ಏಟೇ ಕೊಡು, ಗಟ್ಟಿ ಗುಂಡಿನದು," ಎಂದರು ವಿಲ್ಬರ್ಟನಿಗೆ. "ಗುರಾಣಿ ದಾಟ್ಬೇಕು, ಮಾಂಸ ಚಿಂದಿ ಆಗ್ಬಾರ್ದು."

ಭುಜಕ್ಕೆ ಹತ್ತು ದಿನ ಬಿಡುವು ಕೊಟ್ಟೆವು. ಆಮೇಲೆ ನನ್ನ ರೈಫಲ್ಲಿಗೆ ಹದಿನೈದು ಖಾಲಿ ತೋಟಾ, ಐದು ನಿಜವಾದವು, ಅವರಿಗೆ ಗೊತ್ತಾಗದಂತೆ ಕಲೆಸಿ ತುಂಬಿಕೊಟ್ಟೆ. ಮೊದಲು ನಳಿಗೆ ಬಾಗುತ್ತಲೇ ಇತ್ತು. ಕೊನೆಯ ಹೊತ್ತಿಗೆ ಟಿಕ್ ಎಂದರೂ ಅಲುಗಲಿಲ್ಲ. ಕೊನೆಯ ಮೂರು ಗುಂಡು ಹಲಗೆಯಲ್ಲಿ ಒಂದು ಬಟ್ಟಲಿನಷ್ಟು ಜಾಗದಲ್ಲಿದ್ದವು. ನಾನು ಚಪ್ಪಾಳೆ ತಟ್ಟಿದೆ. ಅವರು ರಂಧ್ರಗಳನ್ನು ಬೆರಳಿನಿಂದ ಮುಟ್ಟಿ ನೋಡಿ, "ಆ ಹೆಣ್ಣುಜಿಂಕೆಗೆ ಇದು ಸಿಗ್ಬೇಕಿತ್ತು," ಎಂದಷ್ಟೇ ಹೇಳಿದರು.

ಒಳಗೆ ಕಾಫಿ, ಗಸಗಸೆ ತುಂಬಿದ ಕೊಲಾಚ್ ಬನ್ನು ಕೊಟ್ಟರು. ತಾವು ತಿನ್ನಲಿಲ್ಲ. ಕಿಟಕಿಯಾಚೆ ಹಂದಿಗಳು ಆ ಬೆಳಿಗ್ಗೆ ಉತ್ತಂತೆ ಕೆದಕಿಹೋದ ಹುಲ್ಲುಗಾವಲು ಕಾಣುತ್ತಿತ್ತು. ಅವರು ಅದನ್ನೇ ನೋಡುತ್ತಿದ್ದರು. ಆಮೇಲೆ ಎದ್ದುಹೋಗಿ ಅಲ್ಫಾನ್ಸರ ರೈಫಲ್ಲನ್ನು, ಉಳಿದ ಮ್ಯಾಗ್ನಂ ತೋಟಾಗಳನ್ನು ತಂದು ಮೇಜಿನ ಮೇಲಿಟ್ಟರು. ಬೋಲ್ಟ್ ಬಿಚ್ಚಿಟ್ಟು ಎಣ್ಣೆ ಸವರಿದ್ದರು.

"ನಿನ್ನ ಮನೇಲಿ ಬೀಗದ ಕಪಾಟಿದೆ, ಮಗು ಇದೆ ಅಂತ ಬೀಗದ ಕೈನೂ ಕೊರಳಲ್ಲಿ ಹಾಕ್ಕೊಂಡಿರ್ತೀಯ. ಇದನ್ನ ಅಲ್ಲಿಡು. ದೊಡ್ಡ ಗಂಡುಹಂದಿ ಹುಲ್ಲುಗಾವಲಲ್ಲಿ ನಿಂತ್ರೆ ನನ್ನ ಕೈ ಇದಕ್ಕೇ ಹೋಗುತ್ತೆ, ನನಗ್ ಗೊತ್ತು. ನಾನೇ ಬಂದು ಕೇಳ್ತೀನಿ. ಅತ್ತು ಕೇಳ್ತೀನಿ, ಬೈದು ಕೇಳ್ತೀನಿ, ಅಲ್ಫಾನ್ಸ್ ಹೆಸ್ರು ಹೇಳಿ ಕೇಳ್ತೀನಿ. ಕೊಡ್ಬೇಡ ಮಗಾ."