ಅನ್ಯಗ್ರಹದ ದನಿಯಾದ ಹನುಮಯ್ಯನವರು

ಅರಸೀಕೆರೆ ಬಸ್ ನಿಲ್ದಾಣದ ಮೈಕಿನ ಮುಂದೆ ಬಸ್ಸುಗಳ ಹೊತ್ತು ಸಾರುತ್ತ ನೌಕರಿಯ ಬಹುಭಾಗ ಕಳೆದ ಹನುಮಯ್ಯನವರು ನಿವೃತ್ತರಾದ ಮೇಲೆ ಕಲಾವಿದರಾದರು. ನಿವೃತ್ತರಾದವರಲ್ಲಿ ಕೆಲವರು ವಾಸ್ತು ಹೇಳುತ್ತಾರೆ, ಇನ್ನು ಕೆಲವರು ಸಕ್ಕರೆ ಕಾಯಿಲೆಗೆ ಕಷಾಯ ಹೇಳುತ್ತಾರೆ. ಅವರಿಗೆ ಹೋಲಿಸಿದರೆ ಹನುಮಯ್ಯನವರಿಂದ ಯಾರ ಪ್ರಾಣಕ್ಕೂ ಅಪಾಯವಿರಲಿಲ್ಲ.

ಬೇಲೂರಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ಶರತ್ ಎಂಬ ಉಪನ್ಯಾಸಕ ಒಂದು ಸಿನಿಮಾ ತೆಗೆದಿದ್ದ. ದೂರದ ನಕ್ಷತ್ರದಿಂದ ಬಂದ ಅತಿಥಿಯೊಬ್ಬ ಹಳೇಬೀಡಿನ ಕೆರೆಯ ಹತ್ತಿರ ಒಬ್ಬ ವಿಧವೆಯ ಮನೆಯ ಅಟ್ಟದ ಮೇಲೆ ಕೆಲವು ದಿನ ಉಳಿದು, ಅವಳ ಕಷ್ಟಸುಖ ಕೇಳಿ, ಹೊರಟುಹೋಗುತ್ತಾನೆ. ಇಷ್ಟೇ ಕಥೆ. ರಾಕೆಟ್ಟಿಲ್ಲ, ಹೊಡೆದಾಟವಿಲ್ಲ. ಅತಿಥಿ ಕಣ್ಣಿಗೂ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಆ ದನಿ ಹನುಮಯ್ಯನವರದು. "ನಿಮ್ಮ ದನಿಯಲ್ಲಿ ಯಾರ ಮೇಲೂ ಮಮಕಾರ ಇಲ್ಲ ಸರ್. ನಂಗೆ ಬೇಕಾಗಿದ್ದು ಅದೇ" ಎಂದು ಶರತ್ ಹೇಳಿದ್ದನ್ನು ಅವರು ಹೊಗಳಿಕೆ ಎಂದೇ ತಿಳಿದು ಊರೆಲ್ಲ ಹೇಳಿಕೊಂಡು ಬಂದರು.

ಯಾವ ಚಿತ್ರಮಂದಿರದವರೂ ಒಪ್ಪದ ಕಾರಣ ಸಿನಿಮಾ ನೇರವಾಗಿ ಡಿವಿಡಿಯಾಗಿ ಬಿಡುಗಡೆಯಾಯಿತು. ಡಿವಿಡಿ ಹಾಕುವ ಯಂತ್ರವೇ ಮನೆಗಳಲ್ಲಿ ಉಳಿದಿಲ್ಲದ ಈ ಕಾಲದಲ್ಲಿ ಡಿವಿಡಿ ಏಕೆ ಎಂದು ಕೇಳಬಾರದು. ಬಿಡುಗಡೆ ಎಂದ ಮೇಲೆ ಗಣ್ಯರು ಬಣ್ಣದ ಕಾಗದ ಬಿಚ್ಚಿ, ಎದೆಯ ಮಟ್ಟಕ್ಕೆ ಹಿಡಿದು, ಫೋಟೋಕ್ಕೆ ನಿಲ್ಲಲು ಕೈಯಲ್ಲೊಂದು ವಸ್ತು ಬೇಕು. ಬೇಲೂರಿನ ಸಮಾರಂಭದಲ್ಲಿ ಗಣ್ಯರು ಹಾಗೆ ಸಾಲಾಗಿ ನಿಂತರು. ಆಮೇಲೆ, ಸಿನಿಮಾ ನೋಡಿರದ ಅವರೆಲ್ಲರೂ ಅದರ ಸಂದೇಶದ ಬಗ್ಗೆ ದೀರ್ಘವಾಗಿ ಮಾತಾಡಿದರು. ಹನುಮಯ್ಯನವರಿಗೆ ಒಂದು ಶಾಲು, ಹಣ್ಣಿನ ಬುಟ್ಟಿ ಮತ್ತು ಡಿವಿಡಿ ಸಿಕ್ಕವು.

ಅವರಿಗೆ ಬೇಕಾಗಿದ್ದುದು ಬೇರೆ. ಮಗಳು ಚಿತ್ರಾ ಬೇಲೂರಿನಲ್ಲಿ ಮನೆ ಕಟ್ಟಿಸಿದ್ದಳು. ಗೃಹಪ್ರವೇಶದ ಆಮಂತ್ರಣ ಪತ್ರಿಕೆಯನ್ನು ಅರಸೀಕೆರೆಯಲ್ಲೇ ಅಚ್ಚು ಹಾಕಿಸುವ ಹೊಣೆ ಹೆಂಡತಿ ಮೀನಾಕ್ಷಮ್ಮನವರದು. 'ತಮ್ಮ ಆಗಮನ ಬಯಸುವ' ಎಂಬ ಸಾಲಿನ ಕೆಳಗೆ ತಮ್ಮ ಹೆಸರು, ಹೆಸರಿನ ಕೆಳಗೆ 'ಚಲನಚಿತ್ರ ಕಲಾವಿದರು' ಎಂದು ಇರಬೇಕೆಂಬುದು ಹನುಮಯ್ಯನವರ ಆಸೆ. ಮೀನಾಕ್ಷಮ್ಮ 'ನಿವೃತ್ತ ಸಂಚಾರ ನಿಯಂತ್ರಕರು' ಎಂದು ಬರೆಸಿಬಿಟ್ಟಿದ್ದರು.

"ನಿನ್ ತಮ್ಮ ನಂಜಪ್ಪಂಗೆ ಮಾತ್ರ ರಂಗಕಲಾವಿದರು ಅಂತ ಹಾಕ್ಸಿದ್ದೀಯಲ್ಲ" ಎಂದರು ಹನುಮಯ್ಯ.

"ಅವನು ಗದೆ ಹಿಡ್ಕಂಡು ಕುಣಿದಿದ್ದನ್ನ ಊರೇ ನೋಡೈತೆ. ನಿಮ್ಮನ್ನ ಯಾರು ನೋಡವ್ರೆ? ನಾಲ್ಕು ಜನದ ಎದುರಿಗೆ ಸಿನಿಮಾ ಹಾಕಿ. ಅವರು ಕಲಾವಿದ ಅಂತ ಒಪ್ಪಿದ್ರೆ ನಾನೇ ಪ್ರೆಸ್ಸಿಗೆ ಫೋನ್ ಮಾಡ್ತೀನಿ."

ಪತ್ರಿಕೆ ಸೋಮವಾರ ಅಚ್ಚಿಗೆ ಹೋಗುವುದಿತ್ತು. ಭಾನುವಾರ ಮಧ್ಯಾಹ್ನ ನೆರೆಮನೆಯ ಮಾದಮ್ಮನ ಅಟ್ಟದಿಂದ ಡಿವಿಡಿ ಯಂತ್ರ ಇಳಿಯಿತು. ಆ ಯಂತ್ರ ಹುಟ್ಟಿದಾಗಿನಿಂದ ತೋರಿಸಿದ್ದು ಮಾದಮ್ಮನ ಮಗನ ಮದುವೆಯೊಂದನ್ನೇ. ನಂಜಪ್ಪ ಹಳೇಬೀಡಿನ ಕಡೆಯಿಂದ ಬಂದ. ಅಕ್ಕಪಕ್ಕದವರು ಬಂದರು. ಮೀನಾಕ್ಷಮ್ಮ ರಿಮೋಟ್ ಹಿಡಿದು ಕೂತರು.

ಡಿವಿಡಿ ಎಂದರೆ ಮದುವೆ ವಿಡಿಯೋ ಎಂದು ತಿಳಿದ ಜನ ಸಿನಿಮಾವನ್ನೂ ಹಾಗೆಯೇ ನೋಡಿದರು. ಕಥೆ ಅವರಿಗೆ ಬೇಕಿರಲಿಲ್ಲ, ಹಿಂದೆ ಯಾರು ನಿಂತಿದ್ದಾರೆ ಎಂಬುದು ಬೇಕಿತ್ತು.

"ನಿಲ್ಸಿ, ನಿಲ್ಸಿ. ಆ ಏರಿ ಮೇಲೆ ಹೋಗ್ತಿರೋನು ನಮ್ಮ ಜವರಯ್ಯ ಅಲ್ವಾ?"

"ಜವರಯ್ಯನೇ. ಪಕ್ಕದಲ್ಲಿರೋಳು ಅವನ ಹೆಂಡ್ತಿ ಅಲ್ಲ."

"ಸ್ವಲ್ಪ ಹಿಂದಕ್ಕೆ ಬಿಡು ಮೀನಾಕ್ಷಿ."

ಜವರಯ್ಯ ಕೆರೆ ಏರಿಯ ಮೇಲೆ ಮತ್ತೆ ಮತ್ತೆ ನಡೆದ. ವಿಧವೆ ಕಣ್ಣೊರೆಸಿಕೊಂಡಾಗ ಅವಳ ಸೀರೆ ಯಾವ ಅಂಗಡಿಯದೆಂದು ಚರ್ಚೆಯಾಯಿತು. ಅವಳೊಬ್ಬಳೇ ಮೌನವಾಗಿ ಕೂತ ಉದ್ದನೆಯ ದೃಶ್ಯವನ್ನು, ಮದುವೆ ವಿಡಿಯೋದಲ್ಲಿ ಹೋಮ ಓಡಿಸುವಂತೆ, ಮೀನಾಕ್ಷಮ್ಮ ಓಡಿಸಿದರು. ತಮ್ಮ ಮಾತೂ ಅದರೊಂದಿಗೆ ಓಡಿಹೋದೀತೆಂದು ಹನುಮಯ್ಯನವರು ತೆರೆಯ ಹತ್ತಿರಕ್ಕೆ ಸರಿದು ಕೂತರು. "ಅತಿಥಿ ಈಗ ಮಾತಾಡ್ತಾನೆ. ಸುಮ್ನಿರಿ" ಎಂದು ಅವರು ಎಷ್ಟು ಸಲ ಹೇಳಿದರೋ ಅಷ್ಟು ಸಲ ಯಾರೋ ಒಬ್ಬರು ಬಾಗಿಲು ತಟ್ಟಿ ಒಳಗೆ ಬಂದರು. ಬಂದವರಿಗೆ ಕಾಫಿ ಆಗುವವರೆಗೆ ನಕ್ಷತ್ರಲೋಕ ನಿಂತಲ್ಲೇ ನಿಂತಿತು. ಮಾದಮ್ಮ ಗೋಡೆಗೊರಗಿ ನಿದ್ದೆ ಹೋದರು.

ಕೊನೆಗೂ ಅಟ್ಟದ ಕತ್ತಲೆ ತೆರೆಯ ಮೇಲೆ ಬಂತು. ದನಿ ಕೇಳಿತು: "ನಾನು ಹೊರಡುವ ಸಮಯವಾಗಿದೆ. ನನ್ನೊಡನೆ ಬರುವವರಿದ್ದರೆ ದಯವಿಟ್ಟು ಬನ್ನಿ."

ಈ ಮಾತನ್ನು ಹನುಮಯ್ಯನವರು ಸ್ನಾನದ ಮನೆಯಲ್ಲಿ ವಾರಗಟ್ಟಲೆ ಅಭ್ಯಾಸ ಮಾಡಿದ್ದರು. ಅನಂತ ಆಕಾಶದ ಒಂಟಿತನ ಅದರಲ್ಲಿ ತುಂಬಿದೆ ಎಂಬುದು ಅವರ ನಂಬಿಕೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

ಮಾದಮ್ಮ ಥಟ್ಟನೆ ಎದ್ದು ಪಕ್ಕದಲ್ಲಿದ್ದ ಕೈಚೀಲಕ್ಕೆ ಕೈ ಹಾಕಿದರು. "ಅರೇಹಳ್ಳಿ ಬಸ್ಸಾ? ಎಲ್ಲಿ ನಿಂತೈತೆ?"

ಅರೇಹಳ್ಳಿಗೆ ಕೊಟ್ಟ ತಮ್ಮ ಮಗಳನ್ನು ನೋಡಲು ಅವರು ವರ್ಷಾನುಗಟ್ಟಲೆ ಇದೇ ದನಿ ಕೇಳಿ ಬಸ್ಸು ಹತ್ತಿದವರು. ಅವರದೇನೂ ತಪ್ಪಿಲ್ಲ. ಮನೆ ತುಂಬಾ ನಗು ಎದ್ದಿತು. ತೆರೆಯ ಮೇಲೆ ವಿಧವೆ ಬಿಕ್ಕುತ್ತಿದ್ದುದು ಯಾರಿಗೂ ಕೇಳಲಿಲ್ಲ.

"ಭಾವ, ಒಪ್ಕಂಡೆ" ಎಂದ ನಂಜಪ್ಪ, ಪಂಚೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ. "ನೂರಕ್ಕೆ ನೂರು ನಿಮ್ಮದೇ ದನಿ."

"ಹಂಗಾದ್ರೆ ಪ್ರೆಸ್ಸಿಗೆ ಫೋನ್ ಮಾಡು" ಎಂದರು ಹನುಮಯ್ಯ ಹೆಂಡತಿಗೆ.

"ಯಾಕೆ? ಅಲ್ಲಿ ಸರಿಯಾಗೇ ಐತಲ್ಲ, ಸಂಚಾರ ನಿಯಂತ್ರಕರು ಅಂತ. ಕಲಾವಿದರ ಮಾತು ಕೇಳಿ ಯಾರಾದ್ರೂ ಚೀಲ ಎತ್ಕಂಡು ಹೊರಡ್ತಾರೇನ್ರೀ?"

ಭಾವನ ಮುಖ ಸಪ್ಪಗಾದದ್ದನ್ನು ನೋಡಿ ನಂಜಪ್ಪನಿಗೆ ಕೆಡುಕೆನಿಸಿತು. "ಹಂಗನ್ಬೇಡ ಕಣಕ್ಕ. ನಾನು ಪದ ಶುರು ಮಾಡಿದ್ರೂ ಜನ ಚಾಪೆ ಸುತ್ಕಂಡು ಹೊರಡ್ತಾರೆ" ಎಂದುಬಿಟ್ಟ.

ಹನುಮಯ್ಯನವರು ನೆಟ್ಟಗೆ ಕೂತರು. "ಕೇಳಿದ್ಯಾ? ಅವನೇ ಹೇಳ್ತಾವ್ನೆ. ನಂಗೆ ಇಲ್ದಿದ್ರೆ ಅವನಿಗೂ ಬೇಡ. ತೆಗ್ಸು."

ಮೀನಾಕ್ಷಮ್ಮ ನ್ಯಾಯಕ್ಕೆ ತಲೆಬಾಗುವ ಹೆಂಗಸು. ಅಲ್ಲೇ ಫೋನ್ ತೆಗೆದು ಪ್ರೆಸ್ಸಿನ ಚೇತನ್‌ಕುಮಾರನಿಗೆ ರಂಗಕಲಾವಿದರು ಎಂಬುದನ್ನು ಹೊಡೆದುಹಾಕಲು ಹೇಳಿದರು. ಆ ಜಾಗ ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ ಎಂದು ಅವನು ಹೇಳಿದನೇನೋ, ಮೀನಾಕ್ಷಮ್ಮ ತಮ್ಮನ ಕಡೆ ತಿರುಗಿದರು. ನಂಜಪ್ಪನಿಗೆ ತೋಟವಿತ್ತು, ಸಮಯಸ್ಫೂರ್ತಿಯೂ ಇತ್ತು.

"ಪ್ರಗತಿಪರ ತೆಂಗು ಬೆಳೆಗಾರರು ಅಂತ ಹಾಕ್ಸಕ್ಕ" ಎಂದ.

ಹಾಗೆಂದೇ ಮೀನಾಕ್ಷಮ್ಮ ಹೇಳಿದರು. ಹನುಮಯ್ಯನವರು ಗಲ್ಲ ಕೆರೆದುಕೊಂಡು ಸ್ವಲ್ಪ ಯೋಚಿಸಿದರು. 'ನಿವೃತ್ತ' ಎಂಬುದರ ಹಿಂದೆ ತಮಗೂ ಒಂದು 'ಪ್ರಗತಿಪರ' ಸೇರಿಸಲು ಬರುತ್ತದೆಯೇ ಎಂದು ಕೇಳಿದರು. ಅಷ್ಟರಲ್ಲಿ ಮೀನಾಕ್ಷಮ್ಮ ಫೋನ್ ಇಟ್ಟಾಗಿತ್ತು.